ತಲಪಾಡಿ ಕಲಿಸಿದ್ದನ್ನು ಅತ್ತಿಬೆಲೆ ಮರೆಯಬಾರದು

2020ರ ಮಾರ್ಚ್ ಕೊನೆಯ ವಾರ, ಮಂಗಳೂರಿಗೂ ಕಾಸರಗೋಡಿಗೂ ನಡುವೆ ಇರುವ ತಲಪಾಡಿಯಲ್ಲಿ ರೋಗಿಗಳನ್ನು ಹೊತ್ತ ಆಂಬುಲೆನ್ಸ್‌ಗಳು ಗಡಿ ದಾಟಲಾಗದೆ ಹಿಂದಿರುಗಿದವು. ಕೊರೊನಾ ಹರಡುವ ಭೀತಿಯಲ್ಲಿ ಕರ್ನಾಟಕ ಸರ್ಕಾರ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಅಡ್ಡಗಟ್ಟೆ ಹಾಕಿತ್ತು. ಕೇರಳದ ಕಡೆಯಿಂದ ಬರುವ ಹಲವು ಒಳರಸ್ತೆಗಳ ಮೇಲೆ ಮಣ್ಣು ಸುರಿಸಲಾಗಿತ್ತು. ಎದೆನೋವು ಬಂದವರು, ಡಯಾಲಿಸಿಸ್‌ಗೆ ಹೊರಟವರು, ವರ್ಷಗಳಿಂದ ಮಂಗಳೂರಿನ ವೈದ್ಯರನ್ನೇ ನಂಬಿಕೊಂಡಿದ್ದವರು ಗೇಟಿನ ಆಚೆಯೇ ಉಳಿದರು. ಹೆರಿಗೆ ನೋವು ಕಾಣಿಸಿಕೊಂಡಿದ್ದ ಬಿಹಾರ ಮೂಲದ ಮಹಿಳೆಯೊಬ್ಬರು ಗಡಿಯಿಂದ ವಾಪಸ್ ಕಳಿಸಿದ ಮೇಲೆ ಆಂಬುಲೆನ್ಸ್‌ನಲ್ಲೇ ಹೆತ್ತರು. ಸಕಾಲಕ್ಕೆ ಆಸ್ಪತ್ರೆ ಸಿಗದೆ ಕಾಸರಗೋಡು ಜಿಲ್ಲೆಯ ಹಲವರು ತೀರಿಕೊಂಡರು. ಅವರ ಪ್ರಾಣ ತೆಗೆದದ್ದು ಕೊರೊನಾ ಆಗಿರಲಿಲ್ಲ. ಆ ದಿನಗಳು ಕಳೆದುಹೋದವು, ಗೇಟು ತೆರೆಯಿತು, ಸರ್ಕಾರಗಳು ಬದಲಾದವು. ಆದರೆ ಗೇಟು ಹಾಕುವ ಅಧಿಕಾರಕ್ಕೆ ಆಗ ಯಾವ ಲಗಾಮು ಇರಲಿಲ್ಲವೋ ಅದು ಇಂದಿಗೂ ಇಲ್ಲ. ಮುಂದಿನ ಸಲ ಕಾರಣ ಬೇರೆ ಇರಬಹುದು, ಗಡಿಯೂ ಬೇರೆ ಇರಬಹುದು. ಸಾಯುವವರು ಮಾತ್ರ ಇಂಥವರೇ ಆಗಿರುತ್ತಾರೆ. ಆದ್ದರಿಂದ ತಲಪಾಡಿಯ ಪ್ರಕರಣವನ್ನು ಮತ್ತೆ ಎತ್ತಿಕೊಂಡು, ಅದು ಏಕೆ ನಡೆಯಿತು ಎಂಬುದನ್ನು ಸಮಾಧಾನದಿಂದ ನೋಡಬೇಕಾಗಿದೆ.

ಸಾಮಾನ್ಯವಾಗಿ ಸರ್ಕಾರವೊಂದು ಜನರಿಗೆ ಕಷ್ಟ ಕೊಡುವ ನಿರ್ಧಾರ ಮಾಡಿದರೆ ಅದನ್ನು ತಿದ್ದಲು ಪ್ರಜಾಪ್ರಭುತ್ವದಲ್ಲಿ ದಾರಿಗಳಿವೆ. ಕಷ್ಟಪಟ್ಟವರು ಶಾಸಕರ ಮನೆ ಬಾಗಿಲಿಗೆ ಹೋಗುತ್ತಾರೆ, ಜಿಲ್ಲಾಧಿಕಾರಿ ಕಚೇರಿ ಎದುರು ಧರಣಿ ಕೂರುತ್ತಾರೆ, ಮುಂದಿನ ಚುನಾವಣೆಯಲ್ಲಿ ಲೆಕ್ಕ ಚುಕ್ತಾ ಮಾಡುತ್ತಾರೆ. ರಾಜ್ಯದ ಗಡಿಯಲ್ಲಿ ಹಾಕುವ ಗೇಟಿನ ವಿಷಯದಲ್ಲಿ ಈ ಯಾವ ದಾರಿಯೂ ಕೆಲಸಕ್ಕೆ ಬಾರದು. ತಲಪಾಡಿಯ ಗೇಟನ್ನು ಹಾಕಿದ್ದು ಬೆಂಗಳೂರಿನಲ್ಲಿ ಕೂತ ಸರ್ಕಾರ. ಅದರಿಂದ ನೊಂದವರು ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಮತದಾರರು. ಅವರು ಮತ ಹಾಕುವುದು ಕೇರಳದಲ್ಲಿ. ಅವರ ಸಿಟ್ಟಾಗಲಿ ಅವರ ಸಾವಾಗಲಿ ಕರ್ನಾಟಕದ ಯಾವ ಶಾಸಕರ ಗೆಲುವು ಸೋಲನ್ನೂ ಅಲುಗಿಸುವುದಿಲ್ಲ. ಇತ್ತ ಗೇಟಿನ ಒಳಗಿರುವವರಿಗೆ ಸರ್ಕಾರ ನಮ್ಮನ್ನು ಕಾಪಾಡಿತು ಎಂಬ ತೃಪ್ತಿ. ಹೀಗೆ ಶ್ಲಾಘನೆ ಒಂದು ಕಡೆ, ಸಂಕಟ ಇನ್ನೊಂದು ಕಡೆ ಬೀಳುವುದರಿಂದ ಗಡಿ ಮುಚ್ಚುವುದು ಯಾವುದೇ ಸರ್ಕಾರಕ್ಕೆ ಅತ್ಯಂತ ಅಗ್ಗದ ನಿರ್ಧಾರವಾಗುತ್ತದೆ. ಅಧಿಕಾರದಲ್ಲಿರುವವರು ಒಳ್ಳೆಯವರೇ ಆಗಿದ್ದರೂ ಈ ಸೆಳೆತ ಇದ್ದೇ ಇರುತ್ತದೆ. ಮತದ ಮೂಲಕ ತಿದ್ದಲಾಗದ ಅಧಿಕಾರವನ್ನು ಕಾನೂನಿನ ಮೂಲಕವೇ, ಅದೂ ಮುಂಚಿತವಾಗಿಯೇ, ಕಟ್ಟಿಹಾಕಬೇಕು ಎಂಬುದು ಈ ಲೇಖನದ ವಾದ.

ಈ ಗಡಿ ಎಂಥದ್ದು ಎಂಬುದನ್ನು ಮೊದಲು ನೆನೆಯೋಣ. ಕಾಸರಗೋಡು ತಾಲ್ಲೂಕು 1956ರ ನವೆಂಬರ್ 1ರವರೆಗೆ ಮಂಗಳೂರನ್ನು ಕೇಂದ್ರವಾಗಿ ಉಳ್ಳ ದಕ್ಷಿಣ ಕನ್ನಡ ಜಿಲ್ಲೆಯ ಭಾಗವೇ ಆಗಿತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಅದು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಬರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಅದು ಜಾರಿಯಾಗಲಿಲ್ಲ. ಆಡಳಿತ ಬದಲಾಯಿತೇ ಹೊರತು ಜನರ ಓಡಾಟ ಬದಲಾಗಲಿಲ್ಲ. ಕಾಲೇಜು, ಅಡಿಕೆ ವ್ಯಾಪಾರ, ಮದುವೆ ಜವಳಿ, ಮೀನು ಮಾರುಕಟ್ಟೆ, ನೆಂಟಸ್ತಿಕೆ ಎಲ್ಲಕ್ಕೂ ಮಂಗಳೂರೇ ಪೇಟೆ. ಆಸ್ಪತ್ರೆಯ ವಿಷಯದಲ್ಲಂತೂ ಅವಲಂಬನೆ ಇನ್ನೂ ಗಾಢ. ತಲಪಾಡಿಯಿಂದ ಹತ್ತು ಕಿ.ಮೀ. ಆಸುಪಾಸಿನ ದೇರಳಕಟ್ಟೆಯಲ್ಲಿ ಯೆನೆಪೋಯ, ಕೆ.ಎಸ್. ಹೆಗ್ಡೆ ವೈದ್ಯಕೀಯ ಕಾಲೇಜುಗಳಿವೆ. ಇನ್ನಷ್ಟು ಮುಂದೆ ಹೋದರೆ ವೆನ್ಲಾಕ್, ಕೆಎಂಸಿ, ಫಾದರ್ ಮುಲ್ಲರ್. ಮಂಜೇಶ್ವರದವರು ಕೇರಳದೊಳಗೇ ಆಗ ದೊಡ್ಡ ಸರ್ಕಾರಿ ಆಸ್ಪತ್ರೆ ಹುಡುಕಬೇಕೆಂದರೆ ಕಣ್ಣೂರು ಜಿಲ್ಲೆಯ ಪರಿಯಾರಂವರೆಗೆ, ಇದರ ಹಲವು ಪಟ್ಟು ದೂರ ಹೋಗಬೇಕಿತ್ತು. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಫಲವಾಗಿ ರೋಗ, ಅಂಗವೈಕಲ್ಯ ಹೊತ್ತ ಎಣ್ಮಕಜೆಯಂಥ ಹಳ್ಳಿಗಳ ಕುಟುಂಬಗಳೂ ಚಿಕಿತ್ಸೆಗೆ ನೆಚ್ಚಿಕೊಂಡದ್ದು ಮಂಗಳೂರನ್ನೇ. ಹಾಗಾಗಿ ತಲಪಾಡಿಯ ಗೇಟು ಎರಡು ರಾಜ್ಯಗಳನ್ನು ಬೇರ್ಪಡಿಸುವ ಬದಲು ಒಂದೇ ಊರನ್ನು ಅದರ ಆಸ್ಪತ್ರೆಯಿಂದ ಬೇರ್ಪಡಿಸಿತು.

ನ್ಯಾಯಾಲಯಗಳಲ್ಲಿ ನಡೆದದ್ದು ಇನ್ನೂ ಹೆಚ್ಚು ಗಮನಾರ್ಹ. ಕೇರಳ ಹೈಕೋರ್ಟ್ ವಕೀಲರ ಸಂಘ ಸಲ್ಲಿಸಿದ ಅರ್ಜಿಯ ಮೇಲೆ ಆ ಹೈಕೋರ್ಟ್ 2020ರ ಏಪ್ರಿಲ್ 1ರಂದು, ತುರ್ತು ಚಿಕಿತ್ಸೆಗೆ ಹೋಗುವವರಿಗಾಗಿ ರಾಷ್ಟ್ರೀಯ ಹೆದ್ದಾರಿಯ ಅಡೆತಡೆಗಳನ್ನು ತೆಗೆಸುವಂತೆ ಕೇಂದ್ರ ಸರ್ಕಾರಕ್ಕೆ ಆದೇಶಿಸಿತು. ಕರ್ನಾಟಕ ಸುಪ್ರೀಂ ಕೋರ್ಟ್‌ಗೆ ಹೋಯಿತು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್, ಕೇಂದ್ರದ ಸಮ್ಮುಖದಲ್ಲಿ ಎರಡೂ ರಾಜ್ಯಗಳು ಕೂತು ಮಾತಾಡಲಿ ಎಂದಿತು. ಏಪ್ರಿಲ್ 7ರ ಹೊತ್ತಿಗೆ ರೋಗಿಗಳ ಪ್ರಯಾಣಕ್ಕೆ ವಿಧಿವಿಧಾನಗಳು ಸಿದ್ಧವಾಗಿವೆ ಎಂದು ಕೇಂದ್ರ ತಿಳಿಸಿತು, ಪ್ರಕರಣ ಮುಗಿಯಿತು. ಯಾರು ದಾಟಬಹುದು, ಯಾವ ವೈದ್ಯಾಧಿಕಾರಿಯ ದೃಢೀಕರಣ ಬೇಕು ಎಂಬುದೆಲ್ಲ ಕೆಲವೇ ದಿನಗಳಲ್ಲಿ ಬರಹಕ್ಕೆ ಇಳಿಯಿತು. ಅಂದರೆ ಸೋಂಕನ್ನು ತಡೆಯುತ್ತಲೇ ರೋಗಿಯನ್ನು ಒಳಗೆ ಬಿಡುವ ದಾರಿ ಮೊದಲ ದಿನದಿಂದಲೂ ಸಾಧ್ಯವಿತ್ತು. ಅದನ್ನು ಯೋಚಿಸಲು ಸರ್ಕಾರಕ್ಕೆ ಒತ್ತಾಯ ಇರಲಿಲ್ಲ, ಅಷ್ಟೇ. ಒತ್ತಾಯ ಬರಲು ಎರಡು ನ್ಯಾಯಾಲಯಗಳು ಬೇಕಾದವು, ಅಷ್ಟರಲ್ಲಿ ಜೀವಗಳು ಹೋಗಿದ್ದವು. ಸಂವಿಧಾನವಾದರೂ ಈ ಬಗ್ಗೆ ಮೌನವಾಗಿಲ್ಲ. ದೇಶದೊಳಗೆ ಎಲ್ಲಿಗಾದರೂ ಸಂಚರಿಸುವ ಹಕ್ಕನ್ನು 19ನೇ ವಿಧಿ, ಜೀವಿಸುವ ಹಕ್ಕನ್ನು 21ನೇ ವಿಧಿ ಕೊಟ್ಟಿವೆ. ಅಂತರರಾಜ್ಯ ವಲಸೆ ಮತ್ತು ಅಂತರರಾಜ್ಯ ಕ್ವಾರಂಟೈನ್ ಕೇಂದ್ರ ಪಟ್ಟಿಯ 81ನೇ ವಿಷಯ. ರಾಷ್ಟ್ರೀಯ ಹೆದ್ದಾರಿಗಳೂ ಕೇಂದ್ರ ಪಟ್ಟಿಯಲ್ಲೇ ಇವೆ. ಒಂದು ರಾಜ್ಯ ತನ್ನಷ್ಟಕ್ಕೆ ರಾಷ್ಟ್ರೀಯ ಹೆದ್ದಾರಿಯನ್ನು ಮುಚ್ಚುವುದು ಆಡಳಿತದ ಸಾಮಾನ್ಯ ತೀರ್ಮಾನವಾಗಲು ಸಾಧ್ಯವಿಲ್ಲ.

ಇಷ್ಟೆಲ್ಲ ಆದ ಮೇಲೂ ಪಾಠ ಉಳಿಯಲಿಲ್ಲ. ರಾಜ್ಯಗಳ ನಡುವೆ ಜನ ಮತ್ತು ಸರಕಿನ ಸಂಚಾರಕ್ಕೆ ಅಡ್ಡಿ ಮಾಡಬಾರದೆಂದು ಕೇಂದ್ರ ಗೃಹ ಕಾರ್ಯದರ್ಶಿ 2020ರ ಆಗಸ್ಟ್ 22ರಂದು ಎಲ್ಲ ರಾಜ್ಯಗಳಿಗೂ ಪತ್ರ ಬರೆದರು. ಆದರೂ 2021ರ ಫೆಬ್ರವರಿಯಲ್ಲಿ ಕೇರಳದಿಂದ ಬರುವವರಿಗೆ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ಕಡ್ಡಾಯವಾಯಿತು. ದಕ್ಷಿಣ ಕನ್ನಡಕ್ಕೆ ಬರಲು ತಲಪಾಡಿ, ಸಾರಡ್ಕ, ನೆಟ್ಟಣಿಗೆ ಮುಡ್ನೂರು, ಜಾಲ್ಸೂರು ಎಂಬ ನಾಲ್ಕೇ ದಾರಿಗಳನ್ನು ಉಳಿಸಲಾಯಿತು. ಕಾಸರಗೋಡಿನವರೊಬ್ಬರು ಕರ್ನಾಟಕ ಹೈಕೋರ್ಟ್ ಮೆಟ್ಟಿಲೇರಿದಾಗ, ಕೇಂದ್ರದ ಮಾರ್ಗಸೂಚಿ ಇರುವಾಗ ಇಂಥ ನಿರ್ಬಂಧ ಹೇಗೆ ಸಾಧ್ಯ ಎಂದು ನಮ್ಮದೇ ಹೈಕೋರ್ಟ್ ಪ್ರಶ್ನಿಸಿತು. ಅದೇ ವರ್ಷ ಆಗಸ್ಟ್ ಹೊತ್ತಿಗೆ ಲಸಿಕೆ ಪಡೆದವರಿಗೂ ವರದಿ ಬೇಕೆಂಬ ನಿಯಮ ಮತ್ತೆ ಬಂತು. ಮಂಗಳೂರಿನ ಕಾಲೇಜಿಗೆ ದಿನವೂ ಬಂದುಹೋಗುವ ವಿದ್ಯಾರ್ಥಿ, ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಗಾರೆ ಕೆಲಸಕ್ಕೆ ಬರುವ ಕೂಲಿಯವರು ಪದೇಪದೇ ಮೂಗು ಗಂಟಲಿನ ಮಾದರಿ ಕೊಟ್ಟು ವರದಿಗಾಗಿ ಕಾಯಬೇಕಾಯಿತು. ವಿಮಾನದಲ್ಲಿ ವರ್ಷಕ್ಕೊಮ್ಮೆ ಬಂದುಹೋಗುವವರಿಗೆ ಒಂದು ಪರೀಕ್ಷೆ ದೊಡ್ಡ ಹೊರೆಯಲ್ಲ. ದಿನಗೂಲಿಯವರಿಗೆ ಅದು ಕೆಲಸವನ್ನೇ ಬಿಡಿಸುವ ನಿಯಮ. ಮಾತಿನಲ್ಲಿ ಎಲ್ಲರಿಗೂ ಒಂದೇ ಆಗಿ ಕಾಣುವ ಗೇಟು ಬಡವರ ಮೇಲೆ ಹೆಚ್ಚು ಭಾರ ಹೇರುವುದು ಹೀಗೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. 2020ರ ಮಾರ್ಚಿನಲ್ಲಿ ಕಾಸರಗೋಡು ದೇಶದಲ್ಲೇ ಹೆಚ್ಚು ಸೋಂಕಿದ್ದ ಜಿಲ್ಲೆಗಳಲ್ಲಿ ಒಂದಾಗಿತ್ತು. ರೋಗದ ಬಗ್ಗೆ ತಿಳಿದದ್ದು ಕಡಿಮೆ, ವೆಂಟಿಲೇಟರ್‌ಗಳು ಕಡಿಮೆ. ದಕ್ಷಿಣ ಕನ್ನಡದ ಜನರ ಜೀವ ಉಳಿಸುವುದು ಕರ್ನಾಟಕ ಸರ್ಕಾರದ ಮೊದಲ ಕರ್ತವ್ಯ ಎಂದು ವಾದಿಸಿದವರ ಆತಂಕ ಸುಳ್ಳಾಗಿರಲಿಲ್ಲ. ತಪಾಸಣೆ ಬೇಕಿತ್ತು, ಅನಗತ್ಯ ಓಡಾಟಕ್ಕೆ ತಡೆಯೂ ಬೇಕಿತ್ತು. ಪ್ರಶ್ನೆ ಇರುವುದು ಹೃದಯಾಘಾತವಾದವರನ್ನೂ ಸುಮ್ಮನೆ ತಿರುಗಾಡುವವರನ್ನೂ ಒಂದೇ ಗೇಟಿನಲ್ಲಿ ಒಂದೇ ರೀತಿ ನಿಲ್ಲಿಸಿದ್ದರ ಬಗ್ಗೆ. ಅದೇ ದಿನಗಳಲ್ಲಿ ಯುರೋಪಿನಲ್ಲಿ ನಡೆದದ್ದನ್ನು ಪಕ್ಕದಲ್ಲಿಟ್ಟು ನೋಡಬಹುದು. 2020ರ ಮಾರ್ಚ್ 16ರಿಂದ ಜರ್ಮನಿ ಫ್ರಾನ್ಸ್ ಗಡಿಯಲ್ಲಿ ಬಿಗಿ ತಪಾಸಣೆ ಶುರುಮಾಡಿತು. ಆದರೆ ಆ ಗಡಿಗೆ ತಾಗಿದ ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ ಆಸ್ಪತ್ರೆಗಳು ತುಂಬಿ ತುಳುಕಿದಾಗ ಜರ್ಮನಿಯ ಬಾಡೆನ್-ವ್ಯುರ್ಟೆಂಬರ್ಗ್, ಸಾರ್ಲಾಂಡ್ ರಾಜ್ಯಗಳು ಅಲ್ಲಿನ ಕೊರೊನಾ ರೋಗಿಗಳನ್ನೇ ಕರೆತಂದು ತಮ್ಮ ತೀವ್ರ ನಿಗಾ ಘಟಕಗಳಲ್ಲಿ ಮಲಗಿಸಿದವು. ಎರಡು ಮಹಾಯುದ್ಧಗಳಲ್ಲಿ ಎದುರುಬದುರಾಗಿದ್ದ ಎರಡು ಬೇರೆ ದೇಶಗಳಲ್ಲಿ ಒಂದು ಇನ್ನೊಂದರ ಸೋಂಕಿತರನ್ನೇ ಬರಮಾಡಿಕೊಂಡ ಮಾರ್ಚ್ ತಿಂಗಳಲ್ಲಿ ಒಂದೇ ದೇಶದ ಎರಡು ರಾಜ್ಯಗಳ ನಡುವೆ ಸೋಂಕಿಲ್ಲದವರು ಹಿಂದಿರುಗಬೇಕಾಯಿತು. ಬಿಗಿ ಗಡಿಯೂ ತೆರೆದ ಆಸ್ಪತ್ರೆಯೂ ಜೊತೆಗಿರಬಲ್ಲವು ಎನ್ನಲು ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ಎರಡನೆಯ ಆಕ್ಷೇಪ ಕೇರಳದ ಹೊಣೆಯನ್ನು ಕುರಿತದ್ದು. ಕಾಸರಗೋಡಿನ ಜನರಿಗೆ ಆಸ್ಪತ್ರೆ ಕಟ್ಟಿಸಬೇಕಾದದ್ದು ತಿರುವನಂತಪುರದ ಸರ್ಕಾರ, ಅದರ ಭಾರವನ್ನು ಮಂಗಳೂರು ಏಕೆ ಹೊರಬೇಕು ಎಂದು ಕೇಳುವವರಿದ್ದಾರೆ. ಕೇರಳ ತನ್ನ ಉತ್ತರ ತುದಿಯ ಜಿಲ್ಲೆಯನ್ನು ಕಡೆಗಣಿಸಿದ್ದು ನಿಜ. ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಹಾಕಿದ್ದರೂ 2020ರಲ್ಲಿ ಕೊರೊನಾ ಬಂದಾಗಲಷ್ಟೇ ಅಲ್ಲಿ ಅವಸರದಲ್ಲಿ ಹಾಸಿಗೆಗಳು ಬಿದ್ದವು. ಈ ನಿರ್ಲಕ್ಷ್ಯವನ್ನು ಕಾಸರಗೋಡಿನ ಕನ್ನಡಿಗರು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಹೇಳುತ್ತ ಬಂದಿದ್ದಾರೆ. ಆದರೆ ಒಂದು ಸರ್ಕಾರದ ತಪ್ಪಿಗೆ ಅದರ ಪ್ರಜೆಗಳಿಗೆ ಶಿಕ್ಷೆ ಕೊಡುವುದು ಯಾವ ನ್ಯಾಯ? ಅದೂ ಅಲ್ಲದೆ, ಮಂಗಳೂರಿನ ಆಸ್ಪತ್ರೆಗಳು ಇಷ್ಟು ದೊಡ್ಡದಾಗಿ ಬೆಳೆದಿರುವುದರಲ್ಲಿ ಕಾಸರಗೋಡಿನ ರೋಗಿಗಳು ಕಟ್ಟಿದ ಹಣದ ಪಾಲೂ ಇದೆ. ಕನ್ನಡಿಗರಾದ ನಮಗೆ ಇನ್ನೊಂದು ಹೆಚ್ಚಿನ ಹೊಣೆಯಿದೆ. ಮಹಾಜನ ವರದಿಯನ್ನು ಎತ್ತಿಹಿಡಿದು ಕಾಸರಗೋಡು ನಮ್ಮದು ಎಂದು ಅರ್ಧ ಶತಮಾನದಿಂದ ಹೇಳುತ್ತಿದ್ದೇವೆ. ಗೋವಿಂದ ಪೈಗಳ, ಕಯ್ಯಾರ ಕಿಞ್ಞಣ್ಣ ರೈಗಳ ನೆಲ ಅದೆಂದು ಪ್ರತಿ ರಾಜ್ಯೋತ್ಸವದಲ್ಲಿ ನೆನೆಯುತ್ತೇವೆ. ನಮ್ಮವರೆಂದು ಕರೆದವರಿಗೆ ಕಷ್ಟಕಾಲದಲ್ಲಿ ಬಾಗಿಲು ಹಾಕಿದರೆ ಆ ಹಕ್ಕೊತ್ತಾಯಕ್ಕೆ ನೈತಿಕ ಬಲ ಉಳಿಯುವುದಿಲ್ಲ.

ಮೂರನೆಯ ಆಕ್ಷೇಪ ಭದ್ರತೆಯದು. ಗಾಂಜಾ, ಕಳ್ಳಸಾಗಣೆ, ಚುನಾವಣೆಯ ಹಣ, ಕ್ರಿಮಿನಲ್‌ಗಳ ಓಡಾಟ ಇವನ್ನು ತಡೆಯಲು ಚೆಕ್‌ಪೋಸ್ಟ್ ಬೇಡವೇ ಎಂಬ ಪ್ರಶ್ನೆಗೆ ಬೇಕು ಎಂಬುದೇ ಉತ್ತರ. ಆದರೆ ಯಾವ ಚೆಕ್‌ಪೋಸ್ಟ್ ನ್ಯಾಯವಾಗಿ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಗಳಿವೆ. ಬಂಡೀಪುರದ ಅರಣ್ಯದೊಳಗಿನ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ವಯನಾಡಿನವರ ಆಕ್ಷೇಪ ಇಂದಿಗೂ ಇದೆ. ಹಾಗಿದ್ದರೂ ಅದರ ಕಾರಣ ಎಲ್ಲರಿಗೂ ಗೊತ್ತು, ಅವಧಿ ಗೊತ್ತು, ಆಂಬುಲೆನ್ಸ್‌ಗೆ ವಿನಾಯಿತಿ ಇದೆ, ಕೆಲವು ಬಸ್ಸುಗಳಿಗೂ ಇದೆ. ಚುನಾವಣೆಯ ನೀತಿಸಂಹಿತೆ ಬಂದಾಗ ದಾಖಲೆಯಿಲ್ಲದೆ 50,000 ರೂಪಾಯಿಗಿಂತ ಹೆಚ್ಚು ನಗದು ಒಯ್ಯುವವರನ್ನು ತಡೆಯುತ್ತಾರೆ. ಕೊಬ್ಬರಿ ಮಾರಿ ಬರುವ ರೈತ, ಮಗಳ ಮದುವೆಗೆ ಹೊರಟವರು ಇದರಿಂದ ಹೈರಾಣಾಗಿದ್ದಾರೆ. ಆದರೂ ವಶಪಡಿಸಿದ ಹಣ ಚುನಾವಣೆಗೆ ಸಂಬಂಧಿಸಿದ್ದಲ್ಲವೆಂದು ಕಂಡುಬಂದರೆ ಅದನ್ನು ಮರಳಿಸಲು ಜಿಲ್ಲಾ ಮಟ್ಟದ ಸಮಿತಿ ಇರಬೇಕೆಂದು ಚುನಾವಣಾ ಆಯೋಗವೇ ನಿಯಮ ಮಾಡಿದೆ. ಇನ್ನು ಜಿಎಸ್‌ಟಿ. 2017ರ ಜುಲೈ 1ರಂದು ಅದು ಜಾರಿಯಾದ ಬಳಿಕ ದೇಶದ ಬಹುಪಾಲು ರಾಜ್ಯಗಳಲ್ಲಿ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್‌ಗಳು ಮುಚ್ಚಿದವು, 2018ರ ಏಪ್ರಿಲ್‌ನಿಂದ ಇ-ವೇ ಬಿಲ್ ಬಂತು. ಲಾರಿಗಳನ್ನೆಲ್ಲ ಗಡಿಯಲ್ಲಿ ಸಾಲುಗಟ್ಟಿ ನಿಲ್ಲಿಸದೆಯೇ ತೆರಿಗೆ ಕಳ್ಳತನದ ಮೇಲೆ ಕಣ್ಣಿಡಬಹುದೆಂದು ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು. ಇದಕ್ಕೆ ವಿರುದ್ಧವಾಗಿ ಕೆಲವು ಆರ್‌ಟಿಒ ಚೆಕ್‌ಪೋಸ್ಟ್‌ಗಳ ಮೇಲೆ ಲೋಕಾಯುಕ್ತ ಪೊಲೀಸರು ಮತ್ತೆ ಮತ್ತೆ ದಾಳಿ ಮಾಡಬೇಕಾಗಿ ಬಂದಿದೆ. ನಿಯಮ ಬರಹದಲ್ಲಿದ್ದು, ಮೇಲ್ಮನವಿಗೆ ದಾರಿ ಇದ್ದಲ್ಲಿ ಗೇಟು ಭದ್ರತೆ ಕೊಡುತ್ತದೆ. ಕಂಬದ ಬಳಿ ನಿಂತವರ ಮರ್ಜಿಯೇ ನಿಯಮವಾದಲ್ಲಿ ಅದು ವಸೂಲಿಯ ಜಾಗವಾಗುತ್ತದೆ.

ಇದೆಲ್ಲ ಕರಾವಳಿಯ ಸಂಗತಿ ಎಂದು ಬಿಳೇಕಹಳ್ಳಿ, ಅರೆಕೆರೆ, ಬಿಟಿಎಂ ಲೇಔಟ್, ಜೆ.ಪಿ. ನಗರದ ಓದುಗರು ಪುಟ ತಿರುವಬಾರದು. ಕಾಸರಗೋಡಿಗೆ ಮಂಗಳೂರು ಹೇಗೋ ತಮಿಳುನಾಡಿನ ಹೊಸೂರಿಗೆ ದಕ್ಷಿಣ ಬೆಂಗಳೂರು ಹಾಗೆ. ಬಿಳೇಕಹಳ್ಳಿಯಿಂದ ಅತ್ತಿಬೆಲೆ ಗಡಿ ಸುಮಾರು 25 ಕಿ.ಮೀ. ಗಡಿಯಾಚೆಯ ಹೊಸೂರು, ಬಾಗಲೂರು, ತಳಿ, ಡೆಂಕಣಿಕೋಟೆಯ ಕನ್ನಡ, ತೆಲುಗು, ತಮಿಳು ಮಾತಾಡುವ ಜನ ಎದೆನೋವು ಬಂದರೆ ಬನ್ನೇರುಘಟ್ಟ ರಸ್ತೆಯ ಜಯದೇವಕ್ಕೆ, ಕ್ಯಾನ್ಸರ್ ಆದರೆ ಕಿದ್ವಾಯಿಗೆ, ನರರೋಗವಾದರೆ ನಿಮ್ಹಾನ್ಸ್‌ಗೆ ಬರುತ್ತಾರೆ. ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿಯ ಕೆಲಸಕ್ಕೆ ಅಲ್ಲಿಂದ ಇಲ್ಲಿಗೆ, ಹೊಸೂರಿನ ಟೈಟನ್, ಟಿವಿಎಸ್, ಅಶೋಕ್ ಲೇಲ್ಯಾಂಡ್ ಕಾರ್ಖಾನೆಗಳಿಗೆ ಇಲ್ಲಿಂದ ಅಲ್ಲಿಗೆ ದಿನವೂ ಜನ ಹೋಗಿಬರುತ್ತಾರೆ. ನಮ್ಮ ತರಕಾರಿ, ಹೂವು ಕೂಡ ಆ ಗಡಿ ದಾಟಿಯೇ ಬರುತ್ತವೆ. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಭೆಯಿಂದ ಎರಡೂ ರಾಜ್ಯಗಳ ಬಸ್ಸುಗಳು ನಿಂತಾಗ ಗಂಟುಮೂಟೆ ಹೊತ್ತ ಕುಟುಂಬಗಳು ಅತ್ತಿಬೆಲೆಯಿಂದ ಜೂಜುವಾಡಿಗೆ ನಡೆದೇ ದಾಟಿದವು. 2020ರ ಲಾಕ್‌ಡೌನ್‌ನಲ್ಲಿ ಇದೇ ರಸ್ತೆಯಲ್ಲಿ ಪಾಸು ಇದ್ದವರಷ್ಟೇ ಮುಂದೆ ಹೋದರು. ಈರೋಡ್ ಜಿಲ್ಲೆಯ ತಾಳವಾಡಿಯ ಕನ್ನಡಿಗರಿಗೂ ಚಾಮರಾಜನಗರವೇ ಹತ್ತಿರದ ಪೇಟೆ. ಹೀಗೆ ನಮ್ಮ ರಾಜ್ಯದ ಸುತ್ತ ತಲಪಾಡಿಗಳು ಹಲವಿವೆ.

ಗೇಟಿನ ಈ ತರ್ಕ ರಾಜ್ಯದ ಗಡಿಯಲ್ಲೇ ನಿಲ್ಲುವುದೂ ಇಲ್ಲ. ಅದೇ 2020ರಲ್ಲಿ ಬೆಂಗಳೂರಿನ ಹಲವು ಅಪಾರ್ಟ್‌ಮೆಂಟ್ ಸಂಘಗಳು ಮನೆಗೆಲಸದವರನ್ನು ತಿಂಗಳುಗಟ್ಟಲೆ ಒಳಗೆ ಬಿಡಲಿಲ್ಲ. ಅವರಲ್ಲಿ ಬಹಳ ಮಂದಿಗೆ ಸಂಬಳವೂ ನಿಂತಿತು. ಇಂದಿಗೂ ಅನೇಕ ಕಡೆ ಕೆಲಸದವರಿಗೆ, ಡೆಲಿವರಿಯವರಿಗೆ ಬೇರೆ ಲಿಫ್ಟು, ಹೊರಗೆ ಹೋಗುವಾಗ ಚೀಲದ ತಪಾಸಣೆ, ಆ್ಯಪ್‌ನಲ್ಲಿ ಬಂದುಹೋದ ಹೊತ್ತಿನ ದಾಖಲೆ. ನಿವಾಸಿಗಳ ಸುರಕ್ಷತೆಯ ಕಾಳಜಿ ಸಹಜವಾದದ್ದು. ಆದರೆ ಇಲ್ಲಿಯೂ ನಿಯಮ ಮಾಡುವವರು ಸಂಘದ ಸಭೆಯಲ್ಲಿ ಮತ ಇರುವವರು. ಅದರ ಭಾರ ಹೊರುವವರಿಗೆ ಆ ಸಭೆಯಲ್ಲಿ ಕುರ್ಚಿ ಇಲ್ಲ. ತಲಪಾಡಿಯಲ್ಲಿ ರಾಜ್ಯ ಮಾಡಿದ್ದನ್ನು ಬನ್ನೇರುಘಟ್ಟ ರಸ್ತೆಯಲ್ಲಿ ನಾವೇ ಸಣ್ಣ ಪ್ರಮಾಣದಲ್ಲಿ ಮಾಡುತ್ತಿದ್ದರೆ ಸರ್ಕಾರವನ್ನು ತಿದ್ದುವ ನಮ್ಮ ಮಾತಿಗೆ ತೂಕ ಬರುವುದಿಲ್ಲ. ನಿಯಮ ಮಾಡುವ ಮುನ್ನ ಅದಕ್ಕೆ ಒಳಗಾಗುವವರನ್ನು ಕೇಳುವ ರೂಢಿ ನಮ್ಮ ಸಂಘಗಳಿಂದಲೇ ಶುರುವಾಗಲಿ.

ಸರ್ಕಾರದ ಮಟ್ಟದಲ್ಲಿ ಬೇಕಾಗಿರುವುದು ದೊಡ್ಡ ಸುಧಾರಣೆಯೇನಲ್ಲ, ಒಂದು ಸಣ್ಣ ಕಾನೂನು. ಗಡಿಯಲ್ಲಿ ಸಂಚಾರ ತಡೆಯುವ ಯಾವುದೇ ಆದೇಶ ಕಾರಣ ಸಮೇತ ಲಿಖಿತವಾಗಿರಬೇಕು, ಗಡಿಯ ಎರಡೂ ಬದಿಯ ಭಾಷೆಗಳಲ್ಲಿ ಪ್ರಕಟವಾಗಬೇಕು. ಆಂಬುಲೆನ್ಸ್, ಹೆರಿಗೆ, ಡಯಾಲಿಸಿಸ್, ಕ್ಯಾನ್ಸರ್ ಚಿಕಿತ್ಸೆಗೆ ಯಾವ ಪರಿಸ್ಥಿತಿಯಲ್ಲೂ ತಡೆ ಇರಬಾರದು. ಅಗತ್ಯವಾದ ತಪಾಸಣೆಯನ್ನು ರೋಗಿ ಆಸ್ಪತ್ರೆ ಸೇರಿದ ಮೇಲೆ ಮಾಡಬಹುದು. ಆದೇಶಕ್ಕೆ ಹದಿನಾಲ್ಕು ದಿನಗಳಂಥ ಗಡುವು ಇರಬೇಕು, ಮುಂದುವರಿಸಬೇಕಾದರೆ ಹೊಸದಾಗಿ ಕಾರಣ ಕೊಡಬೇಕು. ದಿನವೂ ದಾಟುವ ಕಾರ್ಮಿಕರಿಗೆ, ವಿದ್ಯಾರ್ಥಿಗಳಿಗೆ ಒಮ್ಮೆ ಕೊಟ್ಟರೆ ತಿಂಗಳುಗಟ್ಟಲೆ ನಡೆಯುವ ಪಾಸು ಸಿಗಬೇಕು. ಗಡಿಯ ಎರಡೂ ಬದಿಯ ಜಿಲ್ಲಾಧಿಕಾರಿಗಳು ಮತ್ತು ಜಿಲ್ಲಾ ಆರೋಗ್ಯಾಧಿಕಾರಿಗಳ ಕಾಯಂ ಸಮಿತಿಯೊಂದು ಇರಬೇಕು. ಅನ್ಯಾಯವಾದವರು ದೂರು ಕೊಟ್ಟರೆ ಆ ಸಮಿತಿ ಗಂಟೆಗಳ ಲೆಕ್ಕದಲ್ಲಿ ತೀರ್ಮಾನ ಹೇಳಬೇಕು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರದ ಕೈಕಟ್ಟಬಾರದು ಎನ್ನುವವರಿಗೆ ಹೇಳಬೇಕಾದದ್ದಿಷ್ಟು: ಇದರಲ್ಲಿ ಯಾವುದೂ ಗಡಿಯಲ್ಲಿ ತಪಾಸಣೆ ಮಾಡಬೇಡಿ ಎನ್ನುವುದಿಲ್ಲ. 2020ರ ಏಪ್ರಿಲ್ ಮೊದಲ ವಾರ ಅವಸರದಲ್ಲಿ ಬರೆದ ವಿಧಿವಿಧಾನವನ್ನು ಶಾಂತಿಯ ಕಾಲದಲ್ಲೇ ಬರೆದಿಡಿ ಎನ್ನುತ್ತದೆ, ಅಷ್ಟೇ.

ಇದನ್ನು ಕರ್ನಾಟಕವೇ ಮೊದಲು ಮಾಡಲಿ. ಆರು ರಾಜ್ಯಗಳೊಂದಿಗೆ ಗಡಿ ಹಂಚಿಕೊಂಡಿರುವ ನಮಗೆ, ಕಾಸರಗೋಡು, ಹೊಸೂರು, ತಾಳವಾಡಿ, ಮಡಕಶಿರಾ, ಸೊಲ್ಲಾಪುರ, ಅಕ್ಕಲಕೋಟೆಗಳಲ್ಲಿ ನಮ್ಮದೇ ಭಾಷೆಯ ಜನ ಇರುವಾಗ, ಗಡಿ ತೆರೆದಿದ್ದಷ್ಟೂ ಹೆಚ್ಚು ಲಾಭ. ನಾಳೆ ಬೇರೆ ರಾಜ್ಯ ತನ್ನ ಗೇಟು ಹಾಕಿದಾಗ ನಮ್ಮ ಜನರ ಪರವಾಗಿ ಮಾತಾಡುವ ಹಕ್ಕೂ ಆಗ ನಮಗೆ ಇರುತ್ತದೆ. ವಿಧಾನಸಭೆಯಲ್ಲಿ ಇಂಥ ಮಸೂದೆ ಮಂಡಿಸುವ ಶಾಸಕರಿಗೆ ಗಡಿಯಾಚೆಯಿಂದ ಒಂದು ಮತವೂ ಬೀಳುವುದಿಲ್ಲ. ಹಾಗಾಗಿ ಆ ಮತವನ್ನು ಗಡಿಯೊಳಗಿನ ನಾವು ಕೊಡಬೇಕು. ದಕ್ಷಿಣ ಬೆಂಗಳೂರಿನ ಮತದಾರರು ತಮ್ಮ ಶಾಸಕರನ್ನು ಮುಂದಿನ ಸಲ ಕಂಡಾಗ ರಸ್ತೆ ಗುಂಡಿ, ಕಾವೇರಿ ನೀರಿನ ಜೊತೆಗೆ ಇದನ್ನೂ ಕೇಳಲಿ: ಅತ್ತಿಬೆಲೆಯಲ್ಲಿ ಆಂಬುಲೆನ್ಸ್ ನಿಲ್ಲದಂತೆ ನೋಡಿಕೊಳ್ಳುವ ಕಾನೂನನ್ನು ನೀವು ಯಾವಾಗ ತರುತ್ತೀರಿ?